ವಂಕಿ ಹಾಕಿಸಿಕೊಂಡ ಮೇಲೆ

ನನ್ನ ನೆಗೆಣ್ಣಿಯ ಮೇಲೆ, ಅಂದರೆ ಮೈದುನನ ಹೆಂಡತಿಯ ಮೇಲೆ, ನನಗಿದ್ದ ಹೊಟ್ಟೆಕಿಚ್ಚು ಗಜೇಂದ್ರಗಡದ ನಮ್ಮ ಓಣಿಗೆಲ್ಲ ಗೊತ್ತಿತ್ತು. ಅವಳು ಬೆಳ್ಳಗಿದ್ದಳು, ಸಹಿಸಿಕೊಂಡೆ. ನರಗುಂದದ ಅವಳ ತವರಿನಿಂದ ಹಬ್ಬಕ್ಕೆ ಚೀಲಗಟ್ಟಲೆ ಕಾಳು ಬರುತ್ತಿತ್ತು, ಅದನ್ನೂ ಸಹಿಸಿಕೊಂಡೆ. ಆದರೆ ಅವಳು ನನ್ನ ಮಗ್ಗಕ್ಕೆ ಬಂದು ಕೂತದ್ದನ್ನು ಇವತ್ತಿಗೂ ಸಹಿಸಲಾರೆ.

ಐವತ್ತರ ದಶಕವೆಲ್ಲ ನನಗೆ ಬಸಿರು ಬಾಣಂತನದಲ್ಲೇ ಕಳೆಯಿತು. ನಾಲ್ಕನೆಯ ಹೆರಿಗೆಯಲ್ಲಿ ಸತ್ತು ಬದುಕಿದ್ದೆ. ಅದಾಗಿ ಕೆಲವು ವರ್ಷಕ್ಕೆ ರೋಣದ ದವಾಖಾನೆಯಲ್ಲಿ ಹೊಸದಾಗಿ ಲೂಪು ಹಾಕತೊಡಗಿದರು. ಮಕ್ಕಳಾಗದಂತೆ ಗರ್ಭಕೋಶದೊಳಗೆ ಕೂರಿಸುವ ಪ್ಲಾಸ್ಟಿಕ್ಕಿನ ಸುರುಳಿ. ನಮ್ಮ ಹೆಂಗಸರು ಅದನ್ನು ವಂಕಿ ಎಂದರು. ನಾನೂ ನೆಗೆಣ್ಣಿಯೂ ಒಂದೇ ಬಸ್ಸಿನಲ್ಲಿ ಹೋಗಿ ಹಾಕಿಸಿಕೊಂಡು ಬಂದೆವು. "ಮೊದಲ ಒಂದೆರಡ ತಿಂಗಳ ಹೆಚ್ಚೂಕಮ್ಮಿ ಆಗತೈತ್ರಿ, ಅಂಜಬ್ಯಾಡ್ರಿ," ಎಂದು ನರ್ಸಬಾಯಿ ಹೇಳಿ ಕಳಿಸಿದ್ದಳು.

ನನಗೆ ಹೆಚ್ಚೇ ಆಯಿತು. ಕಿಬ್ಬೊಟ್ಟೆ ಹಿಂಡುವ ನೋವು, ನಿಲ್ಲದ ಸ್ರಾವ. ನಮ್ಮ ಮನೆಯಲ್ಲಿ ಮುಟ್ಟಾದವಳು ಹಿತ್ತಲ ಬದಿಗೆ ಕೂರಬೇಕು. ಒಲೆ ಮುಟ್ಟುವಂತಿಲ್ಲ, ಮಗ್ಗವನ್ನಂತೂ ಮುಟ್ಟುವ ಮಾತೇ ಇಲ್ಲ. ಇದು ಮುಟ್ಟಲ್ಲ, ವಂಕಿಯ ಕಾಟ ಎಂದೆ.

"ರಗತ ಅಂದ್ರ ರಗತನ. ಎದರಿಂದ ಬಂತಂತ ಮಗ್ಗ ಕೇಳತೈತೇನ?" ಎಂದರು ಅತ್ತೆ.

ಮಗ್ಗದ ಮೇಲೆ ನಾನು ನೇಯುತ್ತಿದ್ದ ಸೀರೆಯಿತ್ತು, ಸೆರಗಿಗೆ ಬಂದಿತ್ತು. ಅತ್ತೆ ಅದಕ್ಕೆ ನೆಗೆಣ್ಣಿಯನ್ನು ಕೂರಿಸಿದರು. ವಂಕಿ ಅವಳಿಗೆ ಹೇಳಿ ಮಾಡಿಸಿದ ಹಾಗೆ ಒಗ್ಗಿತ್ತಂತೆ, ನೋವಿಲ್ಲ, ಸ್ರಾವವಿಲ್ಲ. ನಾನು ಹಿತ್ತಲಲ್ಲಿ ಕೂತು ಲಾಳಿಯ ಸದ್ದು ಕೇಳುತ್ತಿದ್ದೆ. ಎಳೆ ಕಡಿದು ಸದ್ದು ನಿಂತರೆ ಜೀವಕ್ಕೆ ತಂಪು. ಹಾಳಾದ್ದು, ಕಡಿಯುತ್ತಿದ್ದದ್ದೇ ಅಪರೂಪ. "ಸಣ್ಣಾಕಿ ಕೈ ಭಾಳ ಚಲೋ ಐತಿ," ಎಂದು ಅತ್ತೆ ನನಗೆ ಕೇಳುವಂತೆಯೇ ಹೊಗಳುತ್ತಿದ್ದರು. ನನ್ನ ಕಿರಿಯ ಮಗಳು ಕೂಡ ಅವಳ ಬದಿಯಲ್ಲೇ ಆಡತೊಡಗಿದಳು. ಒಳಗೆ ಚುಚ್ಚುತ್ತಿದ್ದದ್ದು ವಂಕಿಯೋ ನೆಗೆಣ್ಣಿಯೋ ತಿಳಿಯದಷ್ಟು ಉರಿ ನನಗೆ.

ಕೊನೆಗೊಂದು ಬೆಳಿಗ್ಗೆ ಅತ್ತೆ, "ಸಾಕಿದು. ನಾಳೆ ರೋಣಕ್ಕ ಹೋಗಿ ತಗಸ್ಕೊಂಡ ಬಾ. ಮನ್ಯಾಗ ದುಡಿಯೂ ಕೈ ಬೇಕು," ಎಂದರು. ತೆಗೆಸಿದರೆ ಮಗ್ಗ ಸಿಗುತ್ತಿತ್ತು. ಅದರ ಹಿಂದೆಯೇ ಐದನೆಯ ಬಸಿರೂ ಬರುತ್ತಿತ್ತು. ಅದರಿಂದ ಬದುಕಿ ಏಳುತ್ತೇನೆಂಬ ನಂಬಿಕೆ ನನಗಿರಲಿಲ್ಲ.

ಅಂದು ಮಧ್ಯಾಹ್ನ ಹಿತ್ತಲ ಸೆಗಣಿ ಕುಳ್ಳಿನ ಬಣವೆಯ ಹಿಂದೆ ಹೋದರೆ, ಅಲ್ಲಿ ನೆಗೆಣ್ಣಿ ಕದ್ದು ಬಟ್ಟೆ ಹಿಂಡುತ್ತಿದ್ದಳು. ನೀರು ಕೆಂಪಗಿತ್ತು.

"ನಿನಗೂ ಐತೇನ?" ಎಂದೆ.

"ಹಾಕಿಸ್ಕೊಂಡ ಮರದಿನಾನ ಸುರುವಾತಕ್ಕಾ. ಇನ್ನೂ ನಿಂತಿಲ್ಲ."

"ಮತ್ತ ಮಗ್ಗಕ್ಕ ಕುಂತೀಯಲ್ಲ?"

"ಅತ್ತಿ ಕೇಳಿದ್ರು, ಇಲ್ಲಂದೆ. ಮಗ್ಗೇನ ಸುಟ್ಟ ಹೋತೇನ?"

ಅತ್ತೆಯನ್ನು ಕೂಗಲು ಬಾಯಿ ತೆರೆದೆ. ಒಂದು ಕೂಗು ಸಾಕಿತ್ತು, ಅವಳೂ ಬಂದು ನನ್ನ ಪಕ್ಕ ಕೂರುತ್ತಿದ್ದಳು. ಮರುದಿನ ಇಬ್ಬರ ವಂಕಿಯೂ ಹೊರಗೆ ಬರುತ್ತಿತ್ತು. ಬಾಯಿ ಮುಚ್ಚಿಕೊಂಡೆ.

ತಲೆಯ ಮೇಲೆ ನೀರು ಹೊಯ್ದುಕೊಂಡು, ಒದ್ದೆ ಕೂದಲಲ್ಲೇ ಅತ್ತೆಯ ಮುಂದೆ ನಿಂತು, "ನಿಂತೈತ್ರಿ ಅತ್ತಿ," ಎಂದೆ. ಅವರು ನನ್ನ ಮುಖ ನೋಡಿ ಮಗ್ಗದ ಕಡೆ ಕೈ ತೋರಿಸಿದರು. ನೆಗೆಣ್ಣಿ ಎದ್ದು ಜಾಗ ಬಿಟ್ಟಳು. ನಾನು ಮಗ್ಗಕ್ಕೆ ಕೂತು ಲಾಳಿ ಹಿಡಿದೆ. ಸೆರಗು ಅವಳ ಕೈಯಲ್ಲಿ ನನ್ನ ನೇಯ್ಗೆಗಿಂತ ಬಿಗಿಯಾಗಿ, ಸಾಫಾಗಿ ಬಂದಿತ್ತು. ಅದನ್ನಾದರೂ ನುಂಗಿಕೊಂಡೇನು. ಆ ಸುಳ್ಳು ಅವಳಿಗೆ ಮೊದಲ ದಿನವೇ ಹೊಳೆದಿತ್ತು, ನಾನು ಅವಳನ್ನು ನೋಡಿ ಕಲಿಯಬೇಕಾಯಿತು.