ಸೊನ್ನೆಯಿಂದ ಎಣಿಸಿದ ಪಟ್ಟಿ

2005ರಲ್ಲಿ ನಾನು ಕುಮಟಾದ ಖಾಸಗಿ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದೆ. ವಿಭಾಗವೆಂದರೆ ನಾನೊಬ್ಬನೇ. ರೋಗಿಗಳ ದಾಖಲೆಯ ಸಾಫ್ಟ್‌ವೇರ್ ಬರೆದವನೂ ನಾನೇ, ಅದು ಕೆಟ್ಟರೆ ಬೈಸಿಕೊಳ್ಳುವವನೂ ನಾನೇ.

ಯಾರಿಗೆ ಯಾವ ಔಷಧಗಳು ಆಗಿಬರುವುದಿಲ್ಲ ಎಂಬುದನ್ನು ಡೇಟಾಬೇಸಿನ ಒಂದೇ ಕಾಲಂನಲ್ಲಿ ಸಾಲಾಗಿ ಇಟ್ಟಿದ್ದೆ. ಇಂಥ ಸಾಲಿಗೆ ಅರೇ ಎನ್ನುತ್ತಾರೆ. ಅತಿ ಅಪಾಯದ ಔಷಧವನ್ನು ಮೊದಲು ಬರೆಯುವುದು ಹಿರಿಯ ನರ್ಸ್ ನಿರ್ಮಲಾ ಕೇಸ್ ಪೇಪರಿನ ಕಾಲದಿಂದ ನಡೆಸಿಕೊಂಡು ಬಂದ ಪದ್ಧತಿ. ಆ ಮೊದಲ ಸ್ಥಾನಕ್ಕೆ ನಾನು ಒಂದರ ಬದಲು ಸೊನ್ನೆ ಎಂದು ನಂಬರು ಕೊಟ್ಟಿದ್ದೆ. ಪ್ರೋಗ್ರಾಮರುಗಳ ಚಟ.

ಮಳೆಗಾಲದ ಒಂದು ಭಾನುವಾರ ಡೇಟಾಬೇಸಿನ ಹೊಸ ಆವೃತ್ತಿ ಹಾಕಿದೆ. ಪರದೆಗಳು ತೆರೆದವು, ಹೆಸರುಗಳು ಬಂದವು. ಕೆಲಸ ಮುಗಿಯಿತೆಂದು ಮನೆಗೆ ಹೋದೆ.

ಮಂಗಳವಾರ ಬೆಳಿಗ್ಗೆ ತದಡಿಯ ಮೀನು ಮಾರುವ ಹೆಂಗಸೊಬ್ಬರು ಕಾಲಿನ ಗಾಯ ಕೀವಾಗಿ ಬಂದರು. ಡಾಕ್ಟರು ಪೆನಿಸಿಲಿನ್ ಬರೆದರು. ನಿರ್ಮಲಾ ಸಿರಿಂಜ್ ಹಿಡಿದಾಗ ಆಕೆಯ ಜೊತೆ ಬಂದಿದ್ದ ಮಗಳು ತಡೆದಳು.

"ಅವ್ವಿಗೆ ಒಂದ್ ಇಂಜೆಕ್ಷನ್ ಆಗುದಿಲ್ಲ ಸಿಸ್ಟರ್. ಹೆಸ್ರು ಗೊತ್ತಿಲ್ಲ, ಹಿಂದೆ ಇಲ್ಲೇ ಬರ್ಸಿದ್ದೆ."

ನಿರ್ಮಲಾ ಪರದೆ ನೋಡಿದರು. "ಹೌದು, ಸಲ್ಫಾ ಅಂತ ಉಂಟು. ಇದು ಅದಲ್ಲ, ಹೆದ್ರಬೇಡ."

ಪರೀಕ್ಷೆಗೆಂದು ಕೊಟ್ಟ ಚೂರು ಔಷಧಕ್ಕೇ ಆಕೆಯ ಉಸಿರು ಕಟ್ಟಿತು. ಡಾಕ್ಟರು ಎಷ್ಟು ಒದ್ದಾಡಿದರೂ ಜೀವ ಉಳಿಯಲಿಲ್ಲ.

ಮಧ್ಯಾಹ್ನದೊಳಗೆ ತಪ್ಪು ನಿರ್ಮಲಾ ಅವರದೆಂದು ತೀರ್ಮಾನವಾಗಿತ್ತು. ಸಂಜೆಗೆ ಕೆಲಸದಿಂದ ತೆಗೆಯುವುದಂತೆ. ಪುರಾವೆಗೆ ಆ ದಾಖಲೆಯ ಪ್ರಿಂಟು ಬೇಕೆಂದು ನನ್ನನ್ನು ಕರೆದರು. ಪ್ರಿಂಟು ತೆಗೆಯುವ ಮೊದಲು ನೇರವಾಗಿ ಡೇಟಾಬೇಸಿನೊಳಗೆ ನೋಡಿದೆ. ಪೆನಿಸಿಲಿನ್, ಸಲ್ಫಾ, ಎರಡೂ ಇದ್ದವು.

ಸಾಲು ಸೊನ್ನೆಯಿಂದ ಶುರುವಾಗಿದ್ದರೆ ಹೊಸ ಆವೃತ್ತಿ ಅದರ ಮುಂದೆ ನಂಬರು ಎಲ್ಲಿಂದ ಎಲ್ಲಿಯವರೆಗೆ ಎಂಬ ಅಂಕಿಗಳನ್ನೂ, 0:1 ಎಂಬಂತೆ, ಸೇರಿಸಿ ಕೊಡುತ್ತಿತ್ತು. ಹಳೆಯದು ಹಾಗೆ ಮಾಡುತ್ತಿರಲಿಲ್ಲ. ನನ್ನ ಪ್ರೋಗ್ರಾಮು ಅಂಕಿಗಳನ್ನೂ ಮೊದಲ ಹೆಸರನ್ನೂ ಒಂದೇ ಪದವೆಂದು ಓದಿ, ಇಂಥ ಔಷಧವೇ ಇಲ್ಲವೆಂದು ಸದ್ದಿಲ್ಲದೆ ಕೈಬಿಟ್ಟಿತ್ತು. ಎರಡು ದಿನಗಳಿಂದ ಪ್ರತಿ ರೋಗಿಯ ಅತಿ ಅಪಾಯದ ಔಷಧವೇ ಪರದೆಯಿಂದ ಕಾಣೆಯಾಗಿತ್ತು.

ನಾನು ಹೋಗಿ ವಿಷಯ ತಿಳಿಸಿದಾಗ ಆಡಳಿತಾಧಿಕಾರಿ ಬಾಗಿಲು ಹಾಕಿ ಹೇಳಿದರು: "ಇದು ಹೊರಗೆ ಹೋಗುದು ಬೇಡ ಮಾರಾಯ." ನನಗೂ ಭಯವಿತ್ತು. ಆದರೂ ಎಲ್ಲವನ್ನೂ ಬರೆದು ಸಹಿ ಹಾಕಿ ಅವರಿಗೊಂದು ಪ್ರತಿ, ಆ ಮಗಳಿಗೊಂದು, ನಿರ್ಮಲಾ ಅವರಿಗೊಂದು ಕೊಟ್ಟೆ.

ನಿರ್ಮಲಾ ಓದಿ ಕಾಗದ ಮಡಚಿದರು. "ಕಂಪ್ಯೂಟರ್ ಇಲ್ದಿದ್ರೆ ನಾನು ಆ ಹುಡ್ಗಿನ್ನ ಇನ್ನೊಂದ್ಸಲ ಕೇಳ್ತಿದ್ದೆ, ತಮ್ಮಾ."

ಅವರ ನೌಕರಿ ಉಳಿಯಿತು. ಆದರೆ ಅವರು ಮತ್ತೆ ಸಿರಿಂಜ್ ಮುಟ್ಟಲಿಲ್ಲ.

ಅಂದಿನಿಂದ ಆವೃತ್ತಿ ಬದಲಿಸಿದಾಗಲೆಲ್ಲ ಹಳೆಯ ದಾಖಲೆಯನ್ನೂ ಹೊಸದನ್ನೂ ಸಾಲು ಸಾಲಾಗಿ ಹೋಲಿಸಿದ್ದೇನೆ. ಔಷಧದ ಪಟ್ಟಿಯ ಮೇಲೆ 'ಮೊದಲು ರೋಗಿಯನ್ನು ಕೇಳಿ' ಎಂಬ ಸಾಲನ್ನೂ ಸೇರಿಸಿದೆ. ಆ ಮಗಳಾದರೋ ಯಾರೂ ಕೇಳದೆಯೇ ಹೇಳಿದ್ದಳು.