ಅತ್ತೆಯ ಮನೆಯ ಮೇಲೆ ಬಿದ್ದ ನೀಲಿ

ಎಂ.ಎ.ಗೆ ಭೂಗೋಳ ತೆಗೆದುಕೊಳ್ಳುತ್ತೇನೆ ಎಂದು ನಾನು ಮೊದಲು ಹೇಳಿದ್ದು ಇಂಡಿಯಲ್ಲಿ, ಅಪ್ಪನ ಅಂಗಡಿಯಲ್ಲಿ. ಅಪ್ಪ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುತ್ತಿದ್ದ. ಮೋಟಾರು ತಂದು ಕೂತಿದ್ದ ಗಿರಾಕಿಯೊಬ್ಬ ನನ್ನ ಮಾತು ಕೇಳಿ, “ಭೂಗೋಳ ಓದಿ ಏನಾಗ್ತೀ ತಂಗಿ? ಸಾಲಿ ಮಾಸ್ತರಿಕಿ ಬಿಟ್ರ ಅದರಾಗ ಏನೈತಿ?” ಎಂದ. ಅಪ್ಪ ತಂತಿಯಿಂದ ಕಣ್ಣು ಎತ್ತಲಿಲ್ಲ. ಆ ದಿನ ಸಂತೆಗೆಂದು ಬಂದಿದ್ದ ಅತ್ತೆಯೇ ಮಾತಾಡಿದಳು.

“ಓದ್ತೇನಿ ಅನ್ನಾಕತ್ತಾಳ, ಓದ್ಲಿ ಬಿಡ್ರಿ. ಏನರ ಆಗೇ ಆಗ್ತಾಳ.”

ಅತ್ತೆ ಅಂದರೆ ಅಪ್ಪನ ಅಕ್ಕ. ಅವಳನ್ನು ಭೀಮೆಯ ದಂಡೆಯ ಊರಿಗೆ ಕೊಟ್ಟಿದ್ದರು. ನಾನು ಶಾಲೆಗೆ ಸೇರುವ ಮೊದಲೇ ಅವ್ವ ತೀರಿಕೊಂಡಳು. ಆಗ ನನ್ನನ್ನು ಕರೆದುಕೊಂಡು ಹೋಗಿ, ಹೈಸ್ಕೂಲಿಗೆ ಬರುವತನಕ ತನ್ನ ಮಗನ ಜೊತೆಗೆ ಸಾಕಿದವಳು ಅವಳೇ. ನನ್ನ ತಲೆ ಬಾಚಿದ್ದು, ಜ್ವರ ಬಂದಾಗ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದ್ದು, ರೊಟ್ಟಿ ಬಡಿಯಲು ಕಲಿಸಿದ್ದು ಎಲ್ಲ ಆ ಕೆಳಗಿನ ಓಣಿಯ ಮನೆಯಲ್ಲಿ. ಹಿತ್ತಿಲು ದಾಟಿದರೆ ಅವರ ಲಿಂಬೆ ಗಿಡಗಳು, ಅವುಗಳ ನಡುವೆ ಅತ್ತೆಯ ಗಂಡನ ಸಮಾಧಿ, ಆಚೆ ಹೊಳೆ.

ಎಂ.ಎ.ಗೆ ಇಂಡಿಯಿಂದಲೇ ಓಡಾಡಿದೆ. ನೇರ ಬಸ್ಸು ತಪ್ಪಿದ ದಿನ ಝಳಕಿಗೆ ಬಂದು, ಹೆದ್ದಾರಿಯಲ್ಲಿ ಸೊಲ್ಲಾಪುರದಿಂದ ಬರುವ ಬಸ್ಸಿಗೆ ಕೈ ಮಾಡಿ, ನಿಂತುಕೊಂಡೇ ವಿಜಯಪುರ ಸೇರುತ್ತಿದ್ದೆ. ವಿಶ್ವವಿದ್ಯಾಲಯದಲ್ಲಿ ನಮ್ಮದು ಸಣ್ಣ ವಿಭಾಗ. ಬಹಳ ಮಂದಿ ಬೇರೆ ವಿಷಯ ಸಿಗದೆ ಬಂದವರು. ಮೊದಲ ವರ್ಷ ನನಗೂ ಅನುಮಾನವಿತ್ತು. ನೆಲದ ಎತ್ತರ ತೋರಿಸುವ ಗೆರೆಗಳ ನಕಾಶೆ ಓದಲು ಬಂದಮೇಲೆ ಅದು ಹೋಯಿತು. ಬರೀ ಕಂದು ಗೆರೆಗಳಿದ್ದ ಹಾಳೆಯಲ್ಲಿ ಒಂದು ದಿನ ದಿಬ್ಬ ಕಂಡಿತು, ಹಳ್ಳ ಕಂಡಿತು, ನೀರು ಯಾವ ಕಡೆ ಇಳಿಯುತ್ತದೆ ಎಂಬುದೂ ಕಂಡಿತು. ಎರಡನೇ ವರ್ಷ ಕ್ಷೇತ್ರಾಧ್ಯಯನಕ್ಕೆ ಬಸವನ ಬಾಗೇವಾಡಿ ಹತ್ತಿರದ ಇಂಗಳೇಶ್ವರಕ್ಕೆ ಹೋದೆವು. ಮನೆ ಮನೆಗೆ ಹೋಗಿ ಯಾವ ಹೊಲದಲ್ಲಿ ಏನು ಬಿತ್ತುತ್ತೀರಿ, ಯಾವ ಬಾವಿ ಯಾವಾಗ ಬತ್ತುತ್ತದೆ ಎಂದು ಕೇಳಿ, ಸಂಜೆ ಅದನ್ನೆಲ್ಲ ನಕಾಶೆಗೆ ಇಳಿಸುತ್ತಿದ್ದೆವು.

ಅಲ್ಲೇ ಒಂದು ಸಂಜೆ ಗೆಳತಿಯೊಬ್ಬಳು ನಮ್ಮ ಮೇಡಂ ಅವರನ್ನು ಕೇಳಿದಳು: “ಮೇಡಂ, ಖರೇ ಹೇಳ್ರಿ, ನಮಗ ನೌಕರಿ ಸಿಗ್ತಾವೇನ್ರಿ?”

“ಸಿಗ್ತಾವ,” ಎಂದರು ಅವರು. “ನೀರಾವರಿಯವರಿಗೆ ಬೇಕು, ನಗರ ಯೋಜನೆಯವರಿಗೆ ಬೇಕು, ಅಂತರ್ಜಲದವರಿಗೆ, ಪ್ರವಾಹ ನೋಡವರಿಗೆ, ಎಲ್ಲಾರಿಗೂ ನಕಾಶಿ ಬೇಕು. ಕಂಪ್ಯೂಟರಿನ್ಯಾಗ ನಕಾಶಿ ಮಾಡೂದು ಕಲೀರಿ. ಆದ್ರ ನೀವು ಎಳಿಯೋ ಗೆರಿ ಕೆಳಗ ಮಂದಿ ಇರ್ತಾರ, ಅದನ್ನ ಮರೀಬ್ಯಾಡ್ರಿ.”

ನಾವು ಮೊದಲ ಭಾಗವನ್ನಷ್ಟೇ ಕೇಳಿಸಿಕೊಂಡೆವು. ನೌಕರಿ ಸಿಗುತ್ತದಂತೆ ಎಂದು ಆ ರಾತ್ರಿ ಊಟಕ್ಕೆ ಕೂತಾಗ ಎಲ್ಲರ ಮುಖವೂ ಅರಳಿತ್ತು.

ಓದು ಮುಗಿದಮೇಲೆ ಒಂದು ವರ್ಷ ಮುದ್ದೇಬಿಹಾಳದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಆಮೇಲೆ ವಿಜಯಪುರದಲ್ಲಿ ಗುತ್ತಿಗೆಯ ಕೆಲಸ ಸಿಕ್ಕಿತು. ಹೊಳೆದಂಡೆಯ ಊರುಗಳಲ್ಲಿ ಪ್ರವಾಹದ ನೀರು ಎಲ್ಲಿಯವರೆಗೆ ಏರಬಹುದು ಎಂದು ಗುರುತಿಸುವ ನಕಾಶೆಗಳ ಕೆಲಸ. ಅಪಾಯ ಇರುವ ಜಾಗಕ್ಕೆಲ್ಲ ಕಡುನೀಲಿ ಬಣ್ಣ. ಆ ಮನೆಗಳವರಿಗೆ ಎತ್ತರದಲ್ಲಿ ಬೇರೆ ಜಾಗ ಕೊಡಲು ಆ ನಕಾಶೆಯೇ ಆಧಾರ. ಅತ್ತೆಗೆ ಫೋನು ಮಾಡಿ ಹೇಳಿದಾಗ ಅವಳು ಓಣಿಗೆಲ್ಲ ಸಕ್ಕರೆ ಹಂಚಿದಳಂತೆ.

ಇಂಡಿ, ಸಿಂದಗಿ ತಾಲ್ಲೂಕುಗಳ ಭೀಮೆಯ ದಂಡೆ ನನ್ನ ಪಾಲಿಗೆ ಬಂತು. ಅತ್ತೆಯ ಊರಿನ ಉಪಗ್ರಹ ಚಿತ್ರ ಕಂಪ್ಯೂಟರ್ ಪರದೆಯ ಮೇಲೆ ಬಂದ ದಿನ ಖುಷಿಯಿಂದಲೇ ದೊಡ್ಡದು ಮಾಡಿ ನೋಡಿದೆ. ಅವಳ ಮನೆಯ ತಗಡು, ಪಕ್ಕದ ಬೇವಿನಮರ, ಲಿಂಬೆ ಗಿಡಗಳ ಸಾಲು. ನೀರಿನ ಮಟ್ಟ ಏರಿಸಿದೆ. ನೀಲಿ ಲಿಂಬೆ ಗಿಡಗಳನ್ನು ದಾಟಿತು, ಹಿತ್ತಿಲು ದಾಟಿತು, ತಗಡನ್ನೂ ಮುಚ್ಚಿತು. ಎಲ್ಲೋ ತಪ್ಪಿರಬೇಕೆಂದು ಮತ್ತೆ ಮಾಡಿದೆ. ಅದೇ ಬಂತು.

ಅದು ನನ್ನ ಅತ್ತೆಯ ಮನೆಯೆಂದು ತಿಳಿದು, ಬೇರೆಯವರಿಗೆ ಆ ಊರು ಕೊಡಲೇ ಎಂದು ಕಚೇರಿಯ ಮುಖ್ಯಸ್ಥರು ಕೇಳಿದರು. ಬೇಡವೆಂದೆ. ನೆಲದ ಎತ್ತರ ಪಕ್ಕಾ ಮಾಡಿಕೊಳ್ಳಲು ಯಂತ್ರ ಹಿಡಿದು ನಾನೇ ಹೋದೆ. ಅತ್ತೆ ಬಾಗಿಲಲ್ಲೇ ನನ್ನ ಗಲ್ಲ ಹಿಡಿದಳು. ರೊಟ್ಟಿ, ಪುಂಡಿಪಲ್ಯೆ ಬಡಿಸಿದಳು. ಉಣ್ಣುತ್ತ ವಿಷಯ ಹೇಳಿದೆ. ಅವಳು ರೊಟ್ಟಿಯ ಬುಟ್ಟಿ ಬದಿಗೆ ಸರಿಸಿದಳು.

“ನಿಮ್ಮವ್ವ ಸತ್ತಾಗ ನಿನ್ನ ಇದ ಮನ್ಯಾಗ ಬೆಳೆಸೇನಿ. ಈಗ ನೀನ ಈ ಮನಿ ಬ್ಯಾಡಂತ ಬರೀತೀಯೇನ?”

“ಅತ್ತಿ, ನೀರು ಬರ್ತೈತಿ. ಈ ವರ್ಷ ಅಲ್ಲದಿದ್ರ ಮುಂದ.”

“ಬರ್ಲಿ. ನಾ ಇದ್ದೇನಿ, ಹೊಳಿ ಐತಿ. ನಡುವ ನಿಂದೇನು?”

ನಾನು ತಾಟು ತೊಳೆದಿಟ್ಟು, ಹಿತ್ತಿಲಿಗೆ ಹೋಗಿ, ನನ್ನ ಕೆಲಸ ಮುಗಿಸಿದೆ. ನಕಾಶೆಯಲ್ಲಿ ಏನೂ ಬದಲಾಗಲಿಲ್ಲ. ತಿಂಗಳ ನಂತರ ಊರಿನ ಸಭೆಯಲ್ಲಿ ಅದನ್ನು ಗೋಡೆಗೆ ತೂಗುಹಾಕಿ ವಿವರಿಸಿದವಳೂ ನಾನೇ. ಹೆಂಗಸರ ನಡುವೆ ಕೂತಿದ್ದ ಅತ್ತೆ ನನ್ನ ಮಾತು ಮುಗಿಯುವ ಮೊದಲೇ ಎದ್ದು ಹೋದಳು. ಮುಂದೆ ನನ್ನ ಫೋನು ಎತ್ತಲಿಲ್ಲ. ಅಪ್ಪ ಒಂದೇ ಮಾತು ಹೇಳಿದ: “ಸುಳ್ಳ ಗೆರಿ ಎಳದಿದ್ರ ಆಕಿ ಮಾರಿ ಹ್ಯಾಂಗ ನೋಡ್ತಿದ್ದಿ?” ಅದು ಸಮಾಧಾನವೋ ಅಲ್ಲವೋ ನನಗೆ ತಿಳಿಯಲಿಲ್ಲ. ಸರಿಯಾದ ಗೆರೆ ಎಳೆದಮೇಲೂ ಅವಳ ಮುಖ ನೋಡಲು ಆಗುತ್ತಿರಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಮಹಾರಾಷ್ಟ್ರದ ಅಣೆಕಟ್ಟಿನಿಂದ ಭೀಮೆಗೆ ನೀರು ಬಿಟ್ಟರು. ಕೆಳಗಿನ ಓಣಿ ಖಾಲಿ ಮಾಡಲು ಡಂಗುರ ಸಾರಿದರು. ನಾನೂ ಅಪ್ಪನೂ ಊರು ಮುಟ್ಟಿದಾಗ ಹಿತ್ತಿಲಲ್ಲಿ ಕಂದು ನೀರು ನಿಂತಿತ್ತು. ಅತ್ತೆ ಹೊಸ್ತಿಲ ಮೇಲೆ ಕೂತಿದ್ದಳು. ಅಪ್ಪ ಅವಳ ಕೈ ಹಿಡಿದು, “ಅಕ್ಕಾ, ಏಳು. ಕೂಸಿನ ಸಲುವಾಗೇರ ಏಳು,” ಎಂದ. ಅತ್ತೆ ಸೊಸೆಯ ಕಂಕುಳಲ್ಲಿದ್ದ ಮೊಮ್ಮಗಳನ್ನು ಒಮ್ಮೆ ನೋಡಿ ಎದ್ದಳು. ಎರಡು ದಿನ ಎಲ್ಲರೂ ಶಾಲೆಯ ಕೋಣೆಯಲ್ಲಿದ್ದೆವು. ನೀರು ಇಳಿದಮೇಲೆ ಹೋಗಿ ನೋಡಿದರೆ ಹಿಂದಿನ ಗೋಡೆ ಬಿದ್ದಿತ್ತು, ಒಲೆ ಕೆಸರಿನಲ್ಲಿ ಹೂತಿತ್ತು. ಯಾರ ಜೀವಕ್ಕೂ ಏನೂ ಆಗಿರಲಿಲ್ಲ. ನನ್ನ ನಕಾಶೆ ಸರಿಯಾಗಿತ್ತೆಂದು ಕಚೇರಿಯಲ್ಲಿ ಮೆಚ್ಚಿಕೊಂಡರು. ಆ ಮಾತು ಕೇಳಲು ನನಗೆ ಮನಸ್ಸಿರಲಿಲ್ಲ.

ಶಾಲೆಯ ಕೋಣೆಯಲ್ಲಿ ಅತ್ತೆ ನನ್ನನ್ನು ಮತ್ತೆ ಮಾತಾಡಿಸಿದ್ದಳು. ಸಿಟ್ಟು ಇಳಿದಿತ್ತೋ, ಅಥವಾ ಸಿಟ್ಟು ಮಾಡುವ ಶಕ್ತಿ ಹೋಗಿತ್ತೋ. “ಉಂಡೀಯೇನ?” ಎಂದಳು, ಅಷ್ಟೇ. ಮೇಲಿನ ಜಾಗದಲ್ಲಿ ಮನೆ ಕಟ್ಟುವುದಕ್ಕೆ ಒಪ್ಪಿದಳು. ಅಡುಗೆಮನೆ ಯಾವ ದಿಕ್ಕಿಗಿರಬೇಕೆಂದು ಗೌಂಡಿಯ ಜೊತೆ ಜಗಳವನ್ನೂ ಆಡಿದಳು. ಆದರೆ ಮೊದಲಿನಿಂದಲೂ ಇದ್ದ ದಮ್ಮು ಆ ಚಳಿಗಾಲದಲ್ಲಿ ಹೆಚ್ಚಾಯಿತು. ಸ್ಲ್ಯಾಬ್ ಹಾಕುವ ಮೊದಲೇ ಅವಳು ಹೋದಳು.

ಮಣ್ಣು ಎಲ್ಲಿ ಕೊಡಬೇಕೆಂಬ ಮಾತು ಬಂತು. ಹಿರಿಯರೊಬ್ಬರು ಎತ್ತರದ ಹೊಲದಲ್ಲಿ ಆಗಲಿ ಎಂದರು. ಅವಳ ಮಗ, “ನಮ್ಮಪ್ಪನ ಬಾಜೂಕ ಇಡ್ರಿ ಅಂತ ಹೇಳಿದ್ಳು, ಲಿಂಬಿ ಗಿಡದಾಗ,” ಎಂದ. ಲಿಂಬೆ ಗಿಡಗಳಿದ್ದದ್ದು ಹೊಳೆಯ ಕಡೆಗೆ. ಎಲ್ಲರೂ ನನ್ನ ಕಡೆ ನೋಡಿದರು. ನೀರು ಬರುವ ಜಾಗ ಯಾವುದೆಂದು ಆ ಊರಿನಲ್ಲಿ ಈಗ ನನ್ನನ್ನು ಕೇಳುತ್ತಿದ್ದರು.

“ಆಕಿ ಹೇಳಿದಲ್ಲೇ ಇಡ್ರಿ,” ಎಂದೆ.

ಹಾಗೇ ಮಾಡಿದರು. ನಾನೂ ಒಂದು ಹಿಡಿ ಮಣ್ಣು ಹಾಕಿದೆ.

ಬೇಸಿಗೆಯಲ್ಲಿ ಮೇಲಿನ ಮನೆಯ ಪ್ರವೇಶವಾಯಿತು. ಗದ್ದಲವಿರಲಿಲ್ಲ, ಹೋಳಿಗೆ ಮಾಡಿದ್ದರು. ಸೊಸೆ ಹೊಸ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಕೂಸನ್ನು ಅವಳ ತೊಡೆಯಿಂದ ಎತ್ತಿಕೊಂಡು ನಾನು ಅಂಗಳಕ್ಕೆ ಬಂದೆ. ಆಗಷ್ಟೇ ನಡೆಯಲು ಕಲಿತಿದ್ದ ಅದು ನನ್ನ ತೋಳಿನಿಂದ ಜಾರಿ ಇಳಿದು, ಸಗಣಿ ಸಾರಿಸಿದ ಹಸಿ ನೆಲದ ಮೇಲೆ ಕಾಲೂರುತ್ತ ಹೊಸ ಮನೆಯ ಬಾಗಿಲ ಕಡೆ ಹೊರಟಿತು.