ಅಪ್ಪ ಹೆದರಿದ ಅಧ್ಯಾಯ

ಹೆದರಿಸುವುದು ನನಗೆ ಚೆನ್ನಾಗಿ ಬರುತ್ತದೆ. ಸಿಂದಗಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವವಳಿಗೆ ಅಷ್ಟೂ ಬಾರದಿದ್ದರೆ ಹೇಗೆ? ವರಾಂಡದಲ್ಲಿ ನನ್ನ ಚಪ್ಪಲಿಯ ಸಪ್ಪಳ ಕೇಳಿದರೆ ಸಾಕು, ಒಂಬತ್ತನೇ ತರಗತಿಯ ಎರಡೂ ವಿಭಾಗಗಳು ತೆಪ್ಪಗಾಗುತ್ತವೆ. ಹಾಗಾಗಿ ಒಂದು ಕಾದಂಬರಿ ಬರೆಯಬೇಕು ಅನ್ನಿಸಿದಾಗ ಬಹಳ ಯೋಚಿಸಲಿಲ್ಲ. ದೆವ್ವದ ಕಾದಂಬರಿಯನ್ನೇ ಬರೆಯುತ್ತೇನೆ ಎಂದು ಮನೆಯಲ್ಲಿ ಸಾರಿಬಿಟ್ಟೆ. "ಬರಿ, ಆದ್ರ ದೆವ್ವಾನ ಅಡಗಿಮನಿಗೆ ತರಬ್ಯಾಡ" ಎಂದಳು ಅವ್ವ.

ಕತೆ ನನ್ನ ತಲೆಯಲ್ಲಿ ಸಿದ್ಧವಾಗಿತ್ತು. ಮರಳುಗಾಡಿನ ನಟ್ಟನಡುವೆ ಒಂದು ಊರು. ದಾರಿ ತಪ್ಪಿದ ಎಂಟು ಜನ ಪ್ರಯಾಣಿಕರು ಅಲ್ಲಿಗೆ ಬಂದು ಸೇರುತ್ತಾರೆ. ಒಳಗೆ ಬರಲು ದಾರಿಯಿದೆ, ಹೊರಗೆ ಹೋಗಲು ಇಲ್ಲ. ಎಷ್ಟು ದೂರ ನಡೆದರೂ ಸಂಜೆಗೆ ಅದೇ ಊರಿನ ಅಗಸೆಬಾಗಿಲ ಮುಂದೆ ಬಂದು ನಿಲ್ಲುತ್ತಾರೆ. ದಿನಕ್ಕೊಬ್ಬರು ಕಾಣೆಯಾಗುತ್ತಾರೆ. ಬೇಸಿಗೆ ರಜೆ ಶುರುವಾದ ಮರುದಿನವೇ ಬರೆಯಲು ಕೂತೆ. ಬೆಳಿಗ್ಗೆ ಬರೆದದ್ದನ್ನು ಮಧ್ಯಾಹ್ನದ ಊಟವಾದ ಮೇಲೆ ಅಪ್ಪನಿಗೆ ಓದಿ ಹೇಳುತ್ತಿದ್ದೆ.

ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಇಂಡಿ, ದೇವರ ಹಿಪ್ಪರಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಈ ಕಡೆ ಅವನು ಟಿಕೆಟ್ ಹರಿಯದ ರಸ್ತೆಯಿಲ್ಲ. ನಿವೃತ್ತನಾದ ಮೇಲೆ ಅವ್ವನೂ ಅವನೂ ನನ್ನ ಜೊತೆಗೇ ಇದ್ದಾರೆ. ಕುಡಿದವರನ್ನು, ಜಗಳಗಂಟರನ್ನು, ಬ್ರೇಕು ಹಿಡಿಯದ ಬಸ್ಸನ್ನು ಎಲ್ಲ ಕಂಡವನು ಅವನು. ಅವನನ್ನು ಹೆದರಿಸಿದರೆ ಇಡೀ ಕರ್ನಾಟಕವನ್ನು ಹೆದರಿಸಿದ ಹಾಗೆ ಎಂದು ನನಗೆ ನಾನೇ ಪರೀಕ್ಷೆ ಇಟ್ಟುಕೊಂಡೆ.

ಅವನು ಹೆದರಲಿಲ್ಲ. ತಪ್ಪು ಹುಡುಕಿದ.

"ಎಂಟ ಮಂದೀನ ಹಾಕ್ಕೊಂಡು ಬಸ್ ಯಾಂವ ಬಿಡ್ತಾನ?" ಎಂದ ಮೊದಲ ದಿನ. ಎರಡನೆಯ ದಿನ, "ಇವರ ಕಂಡಕ್ಟರ್ ಎಲ್ಲಿ ಹ್ವಾದ? ಅಂವ ಮೊದಲ ಡಿಪೋಕ್ಕ ಸುದ್ದಿ ಮುಟ್ಟಸ್ತಿದ್ದ" ಎಂದ. ಮೂರನೆಯ ದಿನ, ನಾನು ಬಲು ಹುರುಪಿನಿಂದ ಮರಳಿನ ಬಿರುಗಾಳಿಯನ್ನು ಓದುತ್ತಿರುವಾಗ, ನಡುವೆ ಕೈಯೆತ್ತಿ ನಿಲ್ಲಿಸಿದ.

"ಮರಳುಗಾಡು ನೋಡಿಯೇನು ನೀ? ಡೋಣಿ ಹೊಳಿ ದಂಡಿ ಉಸುಕ ಬಿಟ್ಟು ಬ್ಯಾರೆ ಏನ್ ನೋಡಿ?"

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ನೋಟ್‌ಬುಕ್ಕಿನ ಹನ್ನೆರಡು ಹಾಳೆಗಳನ್ನು ಅವನ ಕಣ್ಣೆದುರೇ ಹರಿದೆ. ಆದರೆ ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ಒಂಟೆಯನ್ನು ಸರ್ಕಸ್ಸಿನಲ್ಲಿ ಕಂಡವಳು ನಾನು. ಮರುದಿನ ಬ್ಯಾಂಕಿನ ಕೆಲಸಕ್ಕೆಂದು ದೇವರ ಹಿಪ್ಪರಗಿಗೆ ಬಸ್ಸು ಹತ್ತಿದಾಗ ಕಿಟಕಿಯಿಂದ ಹೊರಗೆ ನೋಡಿದೆ. ಮೇ ತಿಂಗಳ ಎರೆಭೂಮಿ. ಜೋಳ ತೊಗರಿ ಎಲ್ಲ ಕೊಯ್ದು ತಿಂಗಳುಗಳಾಗಿ ಕಣ್ಣು ಹಾಯುವವರೆಗೂ ಕರ್ರಗಿನ ಬಯಲು. ಕಾಲು ಇಳಿಯುವಷ್ಟು ಬಿರುಕು. ಒಂದು ಮರವಿಲ್ಲ. ಇಷ್ಟು ದಿನ ನಾನು ಇನ್ನೊಬ್ಬರ ಮರಳುಗಾಡನ್ನು ಸಾಲ ತಂದು ಒದ್ದಾಡುತ್ತಿದ್ದೆ.

ಸಿಕ್ಕಿಹಾಕಿಕೊಳ್ಳುವುದಕ್ಕೂ ಇಲ್ಲಿ ಮಾಟ ಮಂತ್ರ ಬೇಕಿಲ್ಲ, ಒಂದು ಮಳೆ ಸಾಕು. ಎರೆಮಣ್ಣು ಒಣಗಿದಾಗ ಕಲ್ಲು, ನೆನೆದರೆ ಅಂಟು. ಡಾಂಬರು ಬಿಟ್ಟು ಕೆಳಗಿಳಿದ ಬಸ್ಸಿನ ಗಾಲಿ ಅಚ್ಚಿನವರೆಗೆ ಹೂತು ಹೋಗುತ್ತದೆ. ಎತ್ತು ಕಟ್ಟಿದರೂ ಅಷ್ಟೇ, ಟ್ರ್ಯಾಕ್ಟರು ತಂದರೆ ಅದೂ ಹೂಳುತ್ತದೆ. ನೆಲ ಆರುವವರೆಗೆ ನೀವು ಆ ಊರಿನವರು. ನನ್ನ ಪ್ರಯಾಣಿಕರನ್ನು ಹೀಗೇ ಸಿಗಿಸಿದೆ. ಎಂಟಿದ್ದವರನ್ನು ಮೂವತ್ತು ಮಾಡಿದೆ. ಅಪ್ಪನ ಕಾಟಕ್ಕೆ ಒಬ್ಬ ಕಂಡಕ್ಟರನನ್ನೂ ಸೇರಿಸಿದೆ.

ದೆವ್ವಗಳು ಬರುವುದಕ್ಕೆ ಮುಂಚೆ ಓದುಗರಿಗೆ ಸ್ವಲ್ಪ ಉಸಿರಾಡಲು ಬಿಡಬೇಕಲ್ಲ, ಅದಕ್ಕೆ ಒಂದು ಹಗುರಾದ ಅಧ್ಯಾಯ ಬರೆದೆ. ಊರಿನವರು ಮಳೆಯಲ್ಲಿ ನೆನೆಯುತ್ತ ಬಂದು ಪ್ರಯಾಣಿಕರನ್ನು ಹಂಚಿಕೊಂಡು ತಮ್ಮ ತಮ್ಮ ಮನೆಗೆ ಕರೆದೊಯ್ಯುತ್ತಾರೆ. ಇದರಲ್ಲಿ ಕಲ್ಪನೆ ಏನೂ ಇಲ್ಲ, ನಮ್ಮ ಕಡೆಯ ಜನ ಹಾಗೆಯೇ. ಒಬ್ಬ ಮುದುಕಿ ಕಂಡಕ್ಟರನ ಕೈಹಿಡಿದು ಮನೆಗೆ ಕರೆದು, ಕೈಕಾಲಿಗೆ ನೀರು ಕೊಟ್ಟು, ರೊಟ್ಟಿ, ಪುಂಡಿಪಲ್ಲೆ ಬಡಿಸಲು ಕೂತು, ಅಕ್ಕರೆಯಿಂದ ಕೇಳುತ್ತಾಳೆ: "ಯಾರ ಪೈಕಿ ಆತಪಾ ನೀವು?"

ಇಲ್ಲಿಗೆ ಬಂದಾಗ ಅಪ್ಪ ಎದ್ದು ನಿಂತ. "ಇವತ್ತಿಗೆ ಸಾಕು" ಎಂದು ಹಿತ್ತಲಿಗೆ ಹೋದ. ಕಿಟಕಿಯಿಂದ ನೋಡಿದರೆ, ತೊಳೆದಿಟ್ಟಿದ್ದ ಕೊಡವನ್ನು ಮತ್ತೆ ತೊಳೆಯುತ್ತಿದ್ದ.

ನನಗೆ ಆದದ್ದು ಖುಷಿಯೇ, ಸುಳ್ಳೇಕೆ ಹೇಳಲಿ. ಕೊನೆಗೂ ಹೆದರಿದ! ಯಾತಕ್ಕೆ ಹೆದರಿದ ಎಂದು ಮಾತ್ರ ತಿಳಿಯಲಿಲ್ಲ. ಮರುದಿನ ಅವನೇ ಬಂದು, "ಆ ಮುದುಕೀನ ತಗದ ಹಾಕು" ಎಂದ.

"ಯಾಕಪಾ? ಅಕಿ ದೆವ್ವ ಅಲ್ಲ. ದೆವ್ವ ಇನ್ನೂ ಮುಂದ ಅದಾವ."

"ತಗದ ಹಾಕು ಅಂದೆ."

ಹಟದಲ್ಲಿ ನಾನು ಅವನ ಮಗಳೇ. ಎರಡು ದಿನ ಬೆನ್ನು ಬಿಡಲಿಲ್ಲ. ಮೂರನೆಯ ದಿನ, ಹೊರಗೆ ಬಿಸಿಲು ಬೆಂಕಿಯಂತೆ ಕಾಯುತ್ತಿರುವಾಗ, ಅವನು ಗೋಡೆಗೆ ಒರಗಿ ಕೂತು ಹೇಳಿದ.

ನಾನು ಇನ್ನೂ ಸಾಲೆಗೆ ಹೋಗದ ಕಾಲದ ಮಾತು ಅದು. ಮುದ್ದೇಬಿಹಾಳದಿಂದ ಬಾಗೇವಾಡಿಗೆ ಹೊರಟ ಅವನ ಬಸ್ಸು ಜೋರು ಮಳೆಗೆ ಸಿಕ್ಕಿತ್ತು. ಮುಂದಿನ ಸೇತುವೆಯ ಮೇಲೆ ನೀರು ಬಂದಿದ್ದರಿಂದ ಡ್ರೈವರು ಹಳ್ಳಿಯ ದಾರಿ ಹಿಡಿದ. ಊರು ಇನ್ನೇನು ಸಿಕ್ಕಿತು ಎನ್ನುವಾಗ ಬಸ್ಸು ಎರೆಯಲ್ಲಿ ಹೂತಿತು. ನಾನು ಬರೆದ ಹಾಗೆಯೇ ಜನ ಬಂದರು, ಹಂಚಿಕೊಂಡರು. ಅಪ್ಪ ಒಬ್ಬ ಮುದುಕಿಯ ಪಾಲಿಗೆ ಬಂದ. ಹೊಸ್ತಿಲ ಮೇಲೆ ಅವಳು ಅದೇ ಪ್ರಶ್ನೆ ಕೇಳಿದಳು.

ನಾವು ಬೌದ್ಧರು. ನಮ್ಮ ಹಿರಿಯರು ಊರ ಹೊರಗೆ ಬಾಳಿದವರು. ಆ ಪ್ರಶ್ನೆಗೆ ನಿಜ ಹೇಳಿದರೆ ಮುದುಕಿ ಒಳಗೆ ಕರೆಯುತ್ತಿದ್ದಳೋ, ಕಟ್ಟೆಯ ಮೇಲೆ ಕೂರಿಸಿ ಬೊಗಸೆಗೆ ಮೇಲಿಂದ ನೀರು ಹೊಯ್ಯುತ್ತಿದ್ದಳೋ ಅಪ್ಪನಿಗೆ ಗೊತ್ತಿರಲಿಲ್ಲ. ಬೆಳಗಿನಿಂದ ಉಂಡಿರಲಿಲ್ಲ, ಖಾಕಿ ಅಂಗಿ ಮೈಗೆ ಅಂಟಿತ್ತು. ಅವನ ಬಾಯಿಂದ ಬಂದದ್ದು, "ಇಂಡಿ ವಾಡೇದವರ ಪೈಕಿ ರೀ ಆಯಿ." ಇಂಡಿಯಲ್ಲಿ ಅವನ ಬಸ್ಸು ನಿಲ್ಲುವ ಎದುರಿಗೆ ಒಂದು ಹಳೆಯ ವಾಡೆ ಇತ್ತು, ದೊಡ್ಡ ಮನೆ. ದಿನಾ ಅದರ ಬಾಗಿಲು ನೋಡಿದ್ದನೇ ಹೊರತು ಒಳಗೆ ಯಾರಿದ್ದಾರೆಂದು ತಿಳಿದವನಲ್ಲ.

ಈ ನಾಲ್ಕು ತಾಲೂಕಿನಲ್ಲಿ ಹುಟ್ಟಿದವರು ಹೇಳಬಾರದ ಸುಳ್ಳು ಅದು. ಹೆಣ್ಣು ಕೊಟ್ಟು ಹೆಣ್ಣು ತಂದು ಇಲ್ಲಿ ಎಲ್ಲರೂ ಎಲ್ಲರಿಗೂ ಏನಾದರೂ ಆಗಿಯೇ ಇರುತ್ತಾರೆ. ಮುದುಕಿಯ ಮುಖ ಅರಳಿತು.

"ಯಪ್ಪಾ! ನನ್ನ ತಂಗಿ ಮಗಳನ್ನ ಅಲ್ಲೇ ಕೊಟ್ಟೈತಿ! ಹೆಂಗದಾಳಪಾ ಅಕಿ?"

"ಆರಾಮ ಅದಾಳ್ರಿ."

"ಮೊಣಕಾಲ ನೋವು?"

"ಕಡಿಮ್ಯಾಗೈತ್ರಿ."

"ಸಣ್ಣಾಕಿಗೆ ಗಂಡು ಎಲ್ಲಿ ನೋಡೀರಿ?"

"ನಾಲತವಾಡದಾಗ ರೀ."

ಕೇಳುತ್ತ ಕೇಳುತ್ತ ನನಗೆ ನಗು ತಡೆಯಲಾಗಲಿಲ್ಲ. ಅಪ್ಪನೂ ಒಂಚೂರು ನಕ್ಕ. ಬಸ್ಸು ಮೂರನೆಯ ದಿನ ಹೊರಟಿತಂತೆ. ಅಲ್ಲಿಯವರೆಗೆ ಆ ಮನೆಯಲ್ಲಿ ಅವನು ಬೀಗರವನಾಗಿ, ನಾಲತವಾಡದ ಗಂಡಿನ ಬಣ್ಣ, ಓದು, ಹೊಲ ಎಲ್ಲ ಹುಟ್ಟಿಸುತ್ತ ಕೂತಿದ್ದ. ಹೊರಡುವಾಗ ಮುದುಕಿ ತಂಗಿಯ ಮಗಳಿಗೆ ಒಂದು ಕುಪ್ಪಸದ ಖಣ, ಶೇಂಗಾ ಹೋಳಿಗೆ ಗಂಟು ಕಟ್ಟಿ ಕೊಟ್ಟಳು. ಅದನ್ನು ಇಂಡಿಯಲ್ಲಿ ಚಹಾದ ಅಂಗಡಿಯವನ ಕೈಗಿಟ್ಟು, "ವಾಡೇಕ್ಕ ಮುಟ್ಟಸ್ರಿ" ಎಂದು ಬಂದುಬಿಟ್ಟ. ಆ ದಾರಿಯ ಡ್ಯೂಟಿಯನ್ನು ಬೇರೆಯವರಿಗೆ ಬದಲಿ ಕೊಟ್ಟ. ಆಮೇಲೆ ನಿವೃತ್ತನಾಗುವವರೆಗೂ ಮುದುಕಿಯರು ಬಸ್ಸು ಹತ್ತಿದರೆ ಮೊದಲು ಮುಖ ನೋಡುತ್ತಿದ್ದ, ಆಮೇಲೆ ಟಿಕೆಟ್ ಹರಿಯುತ್ತಿದ್ದ.

ನಗು ಮುಗಿದ ಮೇಲೆ ನನಗೆ ಸಿಟ್ಟು ಬಂತು. ಸಿಂದಗಿಯಲ್ಲಿ ಬಾಡಿಗೆ ಮನೆ ಹುಡುಕುವಾಗ ನಾನು ಬಾಡಿಗೆ ಎಷ್ಟೆಂದು ಕೇಳುವ ಮೊದಲೇ "ನಾವು ಬೌದ್ಧರದೇವ್ರಿ" ಎಂದು ಹೇಳಿದವಳು. ಮೂರು ಮನೆಯವರಿಗೆ ಆ ಕ್ಷಣವೇ ಬೇರೆ ಯಾರಿಗೋ ಮಾತು ಕೊಟ್ಟದ್ದು ನೆನಪಾಯಿತು. ನಾಲ್ಕನೆಯವರು ಕೀಲಿ ಕೊಟ್ಟರು, ಒಳಗೆ ಕರೆದು ಚಹಾನೂ ಕೊಟ್ಟರು.

"ಖರೆ ಹೇಳಬೇಕಿತ್ತು ನೀ" ಎಂದೆ. "ನಾ ಹೇಳೂದಿಲ್ಲೇನು?"

"ನೀ ಹೇಳ್ತಿ. ನಾಕನೇ ಮನಿ ಐತಿ ಅಂತ ನಿನಗ ಗೊತ್ತೈತಿ. ನನಗ ಅವತ್ತ ಇದ್ದದ್ದು ಒಂದ ಮನಿ."

"ನಮ್ಮ ಮಂದಿ ಇರಲಿಲ್ಲೇನು ಆ ಊರಾಗ?"

"ಇದ್ರು. ಹಳ್ಳದ ಆಚಿ ದಂಡಿಗೆ. ಹಳ್ಳ ತುಂಬಿತ್ತು." ಆಮೇಲೆ, "ಇದನ್ನೆಲ್ಲಾ ಬರೀಬ್ಯಾಡ ಯವ್ವಾ" ಎಂದ. ಯವ್ವಾ ತಂಗೀ ಎನ್ನುವವನೇ ಅಲ್ಲ ಅಪ್ಪ. ಅವತ್ತು ಹಾಗೆ ಬೇಡಿಕೊಂಡ.

ಒಂದು ವಾರ ನಾನು ಪೆನ್ನು ಮುಟ್ಟಲಿಲ್ಲ. ನನ್ನ ದೆವ್ವಗಳು ಅಪ್ಪನ ಆ ಎರಡು ದಿನಗಳ ಮುಂದೆ ಬಣ್ಣ ಬಳಿದುಕೊಂಡ ನಾಟಕದವರ ಹಾಗೆ ಕಾಣತೊಡಗಿದ್ದವು. ಆ ಮನೆಯನ್ನು ಬರೆಯದಿದ್ದರೆ ಕಾದಂಬರಿ ಬರಿಯ ಬೊಂಬೆಯಾಟ. ಬರೆದರೆ ಅಪ್ಪ ಮುಚ್ಚಿಟ್ಟುಕೊಂಡು ಬಂದದ್ದನ್ನು ನಾನೇ ಬೀದಿಗೆ ಹಾಕಿದಂತೆ. ಎರಡೂ ಬೇಡವೆನ್ನಿಸುತ್ತಿತ್ತು, ಎರಡೂ ಬೇಕಾಗಿತ್ತು. ಅವ್ವನ ಮೇಲೆ ವಿನಾಕಾರಣ ಹರಿಹಾಯ್ದೆ.

ಕೊನೆಗೆ ನನಗೊಂದು ಉಪಾಯ ಹೊಳೆಯಿತು, ಜಾಣೆ ಎಂದು ಬೆನ್ನು ತಟ್ಟಿಕೊಂಡೆ. ದೆವ್ವಗಳನ್ನು ಪೂರಾ ತೆಗೆದುಹಾಕಿದೆ. ಮಳೆ, ಎರೆ, ಊರು, ಮುದುಕಿ ಇಷ್ಟೇ ಉಳಿದವು. ಹೊಸ್ತಿಲ ಮೇಲೆ ಪ್ರಶ್ನೆ ಬಂದಾಗ ನನ್ನ ಕಂಡಕ್ಟರ್ ತಲೆಯೆತ್ತಿ ನಿಜ ಹೇಳುತ್ತಾನೆ. ಅಪ್ಪನ ಗುಟ್ಟು ಗುಟ್ಟಾಗಿಯೇ ಉಳಿಯಿತು, ಮೇಲೆ ಅವನಿಗೆ ಒಂದು ಧೈರ್ಯವನ್ನೂ ಕೊಟ್ಟೆ. ಭಾನುವಾರ ಬೆಳಿಗ್ಗೆ ಅವನನ್ನು ಕೂರಿಸಿಕೊಂಡು ಓದಿದೆ. ಈ ಸಲ ಎದ್ದು ಹೋಗಲಿಲ್ಲ.

ಓದಿ ಮುಗಿಸಿದ ಮೇಲೆ ಕೇಳಿದ. "ಇಂವ ಯಾಂವ?"

"ಕಂಡಕ್ಟರ್."

"ಅಲ್ಲ. ಇದು ನೀ. ನಿನ್ನ ಧೈರ್ಯ ತಂದು ಇಂವಗ ಯಾಕ ಹಚ್ಚಿದಿ?"

ಹೀಗೆ ಕೇಳಿದ್ದಕ್ಕೆ ಬಾಯಿ ಬಿಡದವರನ್ನು ತರಗತಿಯಲ್ಲಿ ನಾನು ಬೆಂಚಿನ ಮೇಲೆ ಹತ್ತಿಸುತ್ತಿದ್ದೆ. ಅಪ್ಪ ನೋಟ್‌ಬುಕ್ಕನ್ನು ನನ್ನ ಕಡೆ ಸರಿಸಿದ.

"ಅಂವ ಸುಳ್ಳ ಹೇಳ್ಲಿ. ಉಣ್ಲಿ. ರೊಟ್ಟಿ ಭಾಳ ರುಚಿ ಇತ್ತು ಅಂತನೂ ಬರಿ. ಮುದುಕಿ ಕೆಟ್ಟಾಕಿ ಅಲ್ಲ, ಅದನ್ನೂ ಬರಿ."

"ನೀನ ಬ್ಯಾಡ ಅಂದಿದ್ದಿ."

"ಅವತ್ತ ನಿನಗ ಅರ್ಧಾನ ಹೇಳಿದ್ದೆ." ಅವನು ನನ್ನ ಮುಖ ನೋಡುತ್ತಿರಲಿಲ್ಲ, ಆದರೆ ದನಿಯಲ್ಲಿ ನಡುಕವಿರಲಿಲ್ಲ. ಬಸ್ಸಿನಲ್ಲಿ ಮುಂದಿನ ಸ್ಟಾಪು ಕೂಗುವವನ ದನಿ ಅದು. "ಮೂರನೇ ದಿನ ಬಸ್ ಹೆಂಗ ಹೊರಗ ಬಂತು, ಕೇಳಿದ್ಯೇನು ನೀ? ಹಳ್ಳ ಇಳಿದಿತ್ತು. ಆಚಿ ದಂಡೀಲಿಂದ ನಮ್ಮ ಮಂದೀನ ಕರಿಸಿದ್ರು, ಬಸ್ ಜಗ್ಗಾಕ. ಹಗ್ಗ ಹೊತ್ಕೊಂಡು ಹದಿನೈದ ಇಪ್ಪತ್ತ ಮಂದಿ ಬಂದ್ರು. ಅವರಾಗ ನಿಮ್ಮವ್ವನ ಸ್ವಾದರಮಾವ ಇದ್ದ."

ಅವ್ವನ ಆ ಸೋದರಮಾವನನ್ನು ನಾನು ನೋಡಿದವಳಲ್ಲ. ಅವ್ವನ ಮದುವೆಯಲ್ಲಿ ಅವಳನ್ನು ಎತ್ತಿಕೊಂಡು ಹಂದರಕ್ಕೆ ತಂದವನು ಅವನೇ ಎಂದು ಕೇಳಿದ್ದೆ. ಒಳಗೆ ಅಕ್ಕಿ ಆರಿಸುತ್ತಿದ್ದ ಅವ್ವನ ಮೊರದ ಸದ್ದು ನಿಂತಿತು.

"ನನ್ನ ನೋಡಿ ನಕ್ಕೋತ ಬಂದ. 'ಏನಪಾ ಅಳಿಯಾ, ಇಲ್ಲೇನ್ ಮಾಡಾಕತ್ತಿ?' ಅಂದ. ಆಯಿ ನನ್ನ ಬಾಜೂಕ ನಿಂತಿದ್ಲು. ನಾ ಅಂವಗ, 'ಯಾರಪಾ ನೀ, ಗುರ್ತ ಸಿಗವಲ್ದು' ಅಂದೆ."

ನಾನು ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟೆ.

"ಅಂವ ನನ್ನ ಒಮ್ಮೆ ನೋಡಿದ, ಆಯಿನ್ನ ಒಮ್ಮೆ ನೋಡಿದ. 'ತಪ್ಪ ತಿಳಕೊಂಡ್ನಿ ಸಾಹೇಬ್ರ' ಅಂದು ಹೋಗಿ ಹಗ್ಗ ಹಿಡದ. ಎಲ್ಲಾರಕಿಂತ ಮುಂದ ಅಂವನ ಇದ್ದ. ಬಸ್ ಎದ್ದ ಮ್ಯಾಲೆ ನಾ ಹತ್ತಿ ಸೀಟಿ ಹೊಡದೆ." ಅಪ್ಪ ಪೆನ್ನು ಎತ್ತಿ ನನ್ನ ಕೈಯಲ್ಲಿಟ್ಟ. "ಹೆದರಸಬೇಕು ಅಂತಿದ್ದ್ಯಲಾ, ಇದನ್ನ ಬರಿ."